ಎಂಟಡಿ ಗೋಡೆ ಮತ್ತು ಆರು ಗಂಟೆ ಅಕ್ಕ

ಮಾನ್ಯ ಪೌರಾಯುಕ್ತರೇ,

ನಮ್ಮ ರಸ್ತೆಗೆ ತಾವು ದಯಪಾಲಿಸಿದ ‘ಮಾದರಿ ಸ್ವಚ್ಛ ರಸ್ತೆ’ ಎಂಬ ಫಲಕವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅದರ ಬದಲು, ಆ ಫಲಕದ ನೆಪದಲ್ಲಿ ತಾವು ಎತ್ತಂಗಡಿ ಮಾಡಿದ ಪೌರಕಾರ್ಮಿಕ ಹೆಣ್ಣುಮಗಳನ್ನು ನಮಗೆ ಮರಳಿ ಕೊಡಿ. ಈ ತಿಂಗಳ ಮೂವತ್ತರೊಳಗೆ ಕೊಡಬೇಕು. ಅದಾದ ಮೇಲೆ ಕೊಡೋಣವೆಂದರೂ ತಮ್ಮ ಪಟ್ಟಿಯಲ್ಲಿ ಆಕೆಯ ಹೆಸರೇ ಇರುವುದಿಲ್ಲ. ನನ್ನ ಅಹವಾಲು ಇಷ್ಟೇ. ತಾವು ಇಲ್ಲಿಗೇ ಓದು ನಿಲ್ಲಿಸಿ ಆದೇಶಕ್ಕೆ ಸಹಿ ಹಾಕಿದರೆ ನನಗೆ ಸಂತೋಷವೇ. ಆದರೆ ಇಷ್ಟೇ ಚುಟುಕಾಗಿ ಬರೆದ ನಾಲ್ಕು ಅರ್ಜಿಗಳಿಗೆ ‘ಪರಿಶೀಲಿಸಲಾಗುವುದು’ ಎಂಬ ಒಂದೇ ಉತ್ತರ ನಾಲ್ಕು ಸಲ ಬಂದಿದೆ. ಆದ್ದರಿಂದ ಈ ಸಲ ಉದ್ದಕ್ಕೆ, ಊರಿಗೆಲ್ಲ ಕೇಳುವಂತೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತಿಲ್ಲ. ನನ್ನ ಕೈ ಮಾತ್ರ ತಮಗೆ ದಿನವೂ ಕಾಣುತ್ತದೆ. ತಮ್ಮ ಕೋಣೆಯ ಬಾಗಿಲಿನ ಮೇಲೆ ಬಿಳಿ ಅಕ್ಷರದಲ್ಲಿ ‘ಪೌರಾಯುಕ್ತರು’ ಎಂದು ಬರೆದವನು ನಾನು. ತಮಗಿಂತ ಮುಂಚಿನ ಆರು ಜನರೂ ಆ ಅಕ್ಷರಗಳ ಕೆಳಗೇ ಒಳಗೆ ಹೋಗಿ, ಅವುಗಳ ಕೆಳಗೇ ಹೊರಗೆ ಬಂದರು. ‘ಇಲ್ಲಿ ಕಸ ಹಾಕಬಾರದು’ ಎಂದು ಈ ಊರಿನ ಗೋಡೆಗಳ ಮೇಲೆ ನಾನು ಬರೆದಿರುವಷ್ಟು ಸಲ ಬೇರೆ ಯಾರೂ ಬರೆದಿರಲಾರರು. ಹಾಗೆ ಬರೆದ ಪ್ರತಿಯೊಂದು ಗೋಡೆಯ ಬುಡದಲ್ಲೂ ಕಸ ಬಿದ್ದದ್ದನ್ನು ನನ್ನಷ್ಟು ಸಲ ನೋಡಿದವರೂ ಇರಲಾರರು. ಈಗ ಬೋರ್ಡುಗಳೆಲ್ಲ ಯಂತ್ರದಿಂದ ಬರುತ್ತವೆ, ನನಗೆ ಕೆಲಸ ಕಡಿಮೆ. ಬಿಡುವಿದ್ದವನು ಮನೆಯಲ್ಲಿ ಸುಮ್ಮನೆ ಕೂರಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡೆ.

ಇರುವೆ ಎಂದರೆ ಭಾನುವಾರದ ಶ್ರಮದಾನ. ಹದಿನಾಲ್ಕು ತಿಂಗಳ ಹಿಂದೆ ನಮ್ಮ ರಸ್ತೆಯ ಔಷಧಿ ಅಂಗಡಿಯವರು, ನಾನು, ನನ್ನ ಮನೆಯವಳು, ಇನ್ನೂ ಹದಿನಾಲ್ಕು ಮಂದಿ ಸೇರಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ಕಸ ಹೆಕ್ಕುವುದೆಂದು ತೀರ್ಮಾನಿಸಿದೆವು. “ಊರ ಉಸಾಬರಿ ನಿಮಗ್ಯಾಕೆ? ನಿಮ್ಮ ಕೋಣೇಲಿರೋ ಬಣ್ಣದ ಡಬ್ಬ ಮೊದಲು ಎತ್ತಿಡಿ” ಎಂದು ಅವಳು ಗೊಣಗಿದಳು, ಗೊಣಗುತ್ತಲೇ ಕೈಗವಸು ಹಾಕಿಕೊಂಡು ಎಲ್ಲರಿಗಿಂತ ಮುಂದೆ ಹೊರಟಳು. ಚರಂಡಿಯ ಅಂಚಿನ ಚೀಲ, ಬಾಟಲಿಯ ಚೂರು, ಒಂಟಿ ಚಪ್ಪಲಿ, ಮೊಳೆಯಿರುವ ಹಲಗೆ, ಎಲ್ಲವನ್ನೂ ಹೆಕ್ಕಿ, ವಿಂಗಡಿಸಿ, ಮೂಟೆ ಕಟ್ಟಿ ನನ್ನ ಕೆಲಸದ ಕೋಣೆಯಲ್ಲಿಟ್ಟು, ಗುರುವಾರ ತಮ್ಮ ಗಾಡಿ ಬಂದಾಗ ಏರಿಸುತ್ತಿದ್ದೆವು. ಮಳೆ ಬಂದಾಗಲೂ ತಪ್ಪಿಸಲಿಲ್ಲ. ಇದನ್ನು ಹೇಳಿಕೊಳ್ಳುವಾಗ ಒಂದು ಕಾಲದಲ್ಲಿ ಎದೆಯುಬ್ಬುತ್ತಿತ್ತು. ಈಗ ತಲೆ ತಗ್ಗುತ್ತದೆ.

ನಾವು ವಾರಕ್ಕೆ ಎರಡು ಗಂಟೆ ದುಡಿದರೆ, ಉಳಿದ ಆರು ದಿನ ನಮ್ಮ ರಸ್ತೆಯನ್ನು ಗುಡಿಸುತ್ತಿದ್ದವಳು ಒಬ್ಬಳೇ. ಬೆಳಿಗ್ಗೆ ಸರಿಯಾಗಿ ಆರಕ್ಕೆ ಆಕೆಯ ತಳ್ಳುಗಾಡಿಯ ಕಿರುಗುಟ್ಟುವ ಚಕ್ರದ ಸದ್ದಿಗೆ ನಮ್ಮ ಮನೆಗಳಲ್ಲಿ ಹಾಲು ಒಲೆಗೇರುತ್ತಿತ್ತು. ಆರು ಗಂಟೆ ಅಕ್ಕ ಎಂದೇ ಆಕೆಯ ಹೆಸರು. ಹನ್ನೊಂದು ವರ್ಷ ಬಂದಳು. ಆಕೆಗೊಂದು ಕ್ರಮವಿತ್ತು. ಗುಡಿಸುವ ಮೊದಲು ತಗಡಿನ ಡಬ್ಬಕ್ಕೆ ತೂತು ಮಾಡಿಕೊಂಡು, ಅದರಿಂದ ರಸ್ತೆಗೆ ನೀರು ಚಿಮುಕಿಸುತ್ತಿದ್ದಳು. ನಮ್ಮ ಮನೆಯೊಳಗೆ ಧೂಳು ಬರಬಾರದೆಂಬ ಕಾಳಜಿ ಎಂದು ನಾವು ತಿಳಿದಿದ್ದೆವು. ಆಕೆಗೆ ಉಬ್ಬಸ, ಧೂಳು ಎದ್ದರೆ ಉಸಿರು ಹಿಡಿಯುತ್ತದೆ ಎಂಬುದು ಔಷಧಿ ಅಂಗಡಿಯವರಿಗೊಬ್ಬರಿಗೇ ಗೊತ್ತಿತ್ತು. ಧೂಳೇಳದ ಧೂಳಿನ ಕೆಲಸವನ್ನು ಆಕೆ ತಾನೇ ಕಂಡುಹಿಡಿದುಕೊಂಡು, ಯಾರಿಗೂ ಹೊರೆಯಾಗದೆ ಬದುಕಿಕೊಂಡಿದ್ದಳು. ತಮ್ಮ ಕಚೇರಿಯಲ್ಲಿ ಇಷ್ಟು ಬುದ್ಧಿ ಓಡಿಸಿ ಕೆಲಸ ಮಾಡುವ ಒಬ್ಬರನ್ನು ತೋರಿಸುತ್ತೀರಾ?

ಇನ್ನು ಗೋಡೆಯ ವಿಷಯ. ಕಳೆದ ವರ್ಷ ತಾವು ‘ಸ್ವಯಂಸೇವಾ ಸ್ವಚ್ಛತಾ ಅಭಿಯಾನ’ ಎಂದು ಘೋಷಿಸಿದಿರಿ. ಆರೋಗ್ಯ ನಿರೀಕ್ಷಕರು ನಮ್ಮ ಬಳಿ ಬಂದು, ರಸ್ತೆಯ ತುದಿಯ ಕಾಂಪೌಂಡಿನ ಮೇಲೆ ಪ್ರತಿಜ್ಞೆಯೊಂದನ್ನು ಬರೆಯಿಸಬೇಕು, ಅದರ ಮುಂದೆ ಸ್ವಯಂಸೇವಕರೆಲ್ಲ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂದರು. ಅವರು ಕೊಟ್ಟ ಚೀಟಿಯಲ್ಲಿದ್ದದ್ದು ಒಂದೇ ಸಾಲು: ‘ಈ ರಸ್ತೆಯನ್ನು ಸ್ವಚ್ಛವಾಗಿಡೋಣ’. ಕುಂಚ ಹಿಡಿದು ಬಹಳ ದಿನವಾಗಿತ್ತು ನನಗೆ. ನೂಲು ಹಿಡಿದು ಗೆರೆ ಎಳೆದೆ. ಒಂದಡಿ ಎತ್ತರದ ಅಕ್ಷರ, ಒಳ್ಳೆಯ ಎನಾಮಲ್, ನೀಲಿಗೆ ಹಳದಿ ಅಂಚು. ಬರೆದು ಮುಗಿಸಿ ದೂರ ನಿಂತು ನೋಡಿದರೆ ಬಲಗಡೆ ಎಂಟಡಿ ಗೋಡೆ ಖಾಲಿ ಉಳಿದಿತ್ತು.

ಬೋರ್ಡು ಬರೆಯುವವನಿಗೆ ಇದು ಎಂಥ ಅವಮಾನವೆಂದು ತಮಗೆ ತಿಳಿಯಲಾರದು. ಮೊದಲೇ ಅಳತೆ ಹಾಕಿಕೊಳ್ಳದ ಎಳೆಗೈ ಮಾಡುವ ತಪ್ಪು ಅದು. ಉದ್ದನೆಯ ಗೋಡೆಯಲ್ಲಿ ಸಾಲು ಎಡಕ್ಕೆ ಜೋತುಬಿದ್ದು ಬಲಗಡೆ ಬೋಳಾಗಿದ್ದರೆ, ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಸಂಜೆಗೆ ಫೋಟೋ ಬೇರೆ. ಹೂಬಳ್ಳಿ ಬರೆಯಬಹುದಿತ್ತು, ಒಂದು ಪೊರಕೆಯ ಚಿತ್ರ ಬರೆಯಬಹುದಿತ್ತು. ನಾನು ಎಂಟಡಿಗೆ ಸರಿಯಾಗಿ ಕೂರುವ ಮಾತು ಯಾವುದೆಂದು ಬೆರಳಿನಲ್ಲಿ ಅಳೆದು ನೋಡಿ, ಬರೆದುಬಿಟ್ಟೆ: ‘ಪೂರ್ಣ ಹೊಣೆ ನಮ್ಮದೇ’. ಅಳತೆ ಕರಾರುವಾಕ್ಕಾಗಿ ಕೂತಿತು. ಕೊನೆಯ ಅಕ್ಷರದ ಆಚೆ ನಾಲ್ಕೇ ಬೆರಳು ಜಾಗ.

ಬಣ್ಣ ಆರುವ ಮೊದಲೇ ಆರು ಗಂಟೆ ಅಕ್ಕ ಗಾಡಿ ತಳ್ಳಿಕೊಂಡು ಅತ್ತ ಬಂದಳು. ಆಕೆಗೆ ಓದಲು ಬಾರದು. ಅಕ್ಷರ ಚೆನ್ನಾಗಿದೆಯೆಂದು ಮಾತ್ರ ಗೊತ್ತಾಗುತ್ತದೆ.

“ಏನ್ ಬರ್ದಿದೀರಾ ಬೋರ್ಡಣ್ಣಾ?”

ಓದಿ ಹೇಳಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಪೂರ್ತಿ ಹೊಣೆ ನಿಮ್ದೇನಾ? ಹಂಗಾದ್ರೆ ನಾನು ಮನೆಗ್ ಹೋಗ್ಲಾ?”

“ಹೋಗು ತಂಗೀ, ಹೋಗಿ ಮಲ್ಕೋ” ಎಂದು ನಾನೂ ನಕ್ಕೆ. ಇಬ್ಬರೂ ಎಷ್ಟು ಹೊತ್ತು ನಕ್ಕೆವೆಂದರೆ ಆಕೆಗೆ ಕೆಮ್ಮು ಬಂತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುತ್ತಾರೆ. ಗೋಡೆಯ ಮೇಲೆ ಬರೆದರೆ ಏನಾಗುತ್ತದೆಂದು ಅವರು ಹೇಳಿರಲಿಲ್ಲ. ಅದನ್ನು ತಮ್ಮ ಕಚೇರಿ ಹೇಳಿಕೊಟ್ಟಿತು. ಕಳೆದ ತಿಂಗಳ ಮೊದಲ ವಾರ ಫಲಕದ ಜೊತೆಗೇ ತಮ್ಮ ಸುತ್ತೋಲೆ ಬಂತು. ಅದರ ಒಕ್ಕಣೆ ನನಗೆ ಬಾಯಿಪಾಠವಾಗಿದೆ: ‘ಸದರಿ ರಸ್ತೆಯ ನಿವಾಸಿಗಳು ಸ್ವಚ್ಛತೆಯ ಪೂರ್ಣ ಹೊಣೆಯನ್ನು ಸ್ವಯಂಪ್ರೇರಿತರಾಗಿ ವಹಿಸಿಕೊಂಡಿರುವುದರಿಂದ (ಛಾಯಾಚಿತ್ರ ಲಗತ್ತಿಸಿದೆ), ಸದರಿ ರಸ್ತೆಗೆ ನಿಯೋಜಿತ ಸಿಬ್ಬಂದಿಯನ್ನು ಹೆಚ್ಚುವರಿ ಎಂದು ಪರಿಗಣಿಸಿ, ಕಸ ವಿಲೇವಾರಿ ಘಟಕಕ್ಕೆ ಸ್ಥಳಾಂತರಿಸಲಾಗಿದೆ.’ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹದಿನೇಳು ಜನ ವಾರಕ್ಕೆ ಎರಡು ಗಂಟೆ ಕೈಗವಸು ಹಾಕಿಕೊಂಡು ಓಡಾಡಿದರೆ, ಹನ್ನೊಂದು ವರ್ಷದ ಕೈಯೊಂದು ಹೆಚ್ಚುವರಿಯಾಗುತ್ತದೆಯೇ ಸ್ವಾಮಿ? ಮನೆಯ ಮಕ್ಕಳು ಒಂದು ದಿನ ತಟ್ಟೆ ತೊಳೆದರೆ ಅವರ ತಾಯಿಯನ್ನು ಬೇರೆ ಮನೆಗೆ ಕಳಿಸಿಬಿಡುತ್ತಾರೆಯೇ?

ಆ ಘಟಕವನ್ನು ತಾವು ಫೋಟೋದಲ್ಲಿ ನೋಡಿರಬಹುದು. ನಾನು ಹೋಗಿ ನೋಡಿ ಬಂದೆ. ಊರಾಚೆ ಎರಡು ಬಸ್ಸು ಬದಲಿಸಿ ಹೋಗಬೇಕು. ಮೂರಾಳೆತ್ತರದ ಕಸದ ರಾಶಿ, ಅದರ ಹೊಟ್ಟೆಯೊಳಗಿಂದ ಸದಾ ಏಳುವ ಹೊಗೆ. ಕಣ್ಣು ಉರಿದು ಹತ್ತು ನಿಮಿಷ ನಿಲ್ಲಲಾಗಲಿಲ್ಲ. ಅದರ ಕೆಳಗೆ ಕೂತು ಆಕೆ ಪ್ಲಾಸ್ಟಿಕ್ ವಿಂಗಡಿಸುತ್ತಿದ್ದಳು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು. ನೀರು ಚಿಮುಕಿಸುವ ಡಬ್ಬವನ್ನು ಅಲ್ಲಿಗೂ ಒಯ್ದಿದ್ದಳು. ಆ ರಾಶಿಗೆ ಎಷ್ಟು ಡಬ್ಬ ನೀರು ಬೇಕು? ನನ್ನನ್ನು ಕಂಡು ಎದ್ದು ಬಂದವಳು ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ಉಸಿರು ತೆಗೆದುಕೊಂಡಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸಿದಳು. ಹೊಗೆ, ಧೂಳಿನಿಂದ ದೂರವಿರದಿದ್ದರೆ ಜೀವಕ್ಕೆ ಅಪಾಯವೆಂದು ಅದರಲ್ಲಿತ್ತು. ಅದನ್ನು ಘಟಕದ ಮೇಲ್ವಿಚಾರಕರಿಗೆ ಕೊಟ್ಟರೆ ಅವರು, “ಹೊಗೆ ಬ್ಯಾಡ ಅಂದ್ರೆ ಮನೇಲಿರು ಕಣಮ್ಮ, ಬಲವಂತ ಇಲ್ಲ” ಎಂದರಂತೆ. ಎಷ್ಟು ದೊಡ್ಡ ಮನಸ್ಸು ನೋಡಿ!

ಬಲವಂತವಿಲ್ಲ ನಿಜ. ಆದರೆ ನೇಮಿಸಿದ ಸ್ಥಳಕ್ಕೆ ಬಾರದ ಹೆಚ್ಚುವರಿ ಸಿಬ್ಬಂದಿಯ ಹೆಸರನ್ನು ಆಯಾ ತಿಂಗಳ ಕೊನೆಗೆ ಪಟ್ಟಿಯಿಂದ ಕೈಬಿಡಲಾಗುವುದು ಎಂದು ಅದೇ ಸುತ್ತೋಲೆಯ ಕೊನೆಯ ಸಾಲಿನಲ್ಲಿದೆ. ಅಂದರೆ ಆಕೆ ಹೋದರೆ ಉಸಿರು ಹೋಗುತ್ತದೆ, ಹೋಗದಿದ್ದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಓದುತ್ತಿರುವ ಮಗಳೊಬ್ಬಳೇ. ಬೇರೆ ದುಡಿಯುವ ಕೈಯಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ತಾವು ಆಕೆಗೆ ಕೊಟ್ಟಿದ್ದೀರಿ. ಅದು ತಾವೊಬ್ಬರೇ ಕೊಟ್ಟದ್ದೂ ಅಲ್ಲ. ನಾನು ಬರೆದೆ, ತಾವು ಲಗತ್ತಿಸಿದಿರಿ.

ನಾನು ಸುಮ್ಮನೆ ಕೂರಲಿಲ್ಲ. ಗೋಡೆಗೆ ಎರಡು ಸಲ ಸುಣ್ಣ ಹೊಡೆದೆ. ಬಣ್ಣ ಒಳ್ಳೆಯದಿದ್ದದ್ದೇ ಶಾಪವಾಯಿತು. ಬಿಸಿಲು ಬಿದ್ದರೆ ‘ಹೊಣೆ ನಮ್ಮದೇ’ ಎಂಬುದು ಸುಣ್ಣದ ಒಳಗಿಂದ ಇನ್ನೂ ಇಣುಕುತ್ತದೆ. ಗೋಡೆ ಅಳಿಸಿದ್ದೇನೆಂದು ತಮ್ಮ ಕಚೇರಿಗೆ ಬಂದು ಹೇಳಿದರೆ ಗುಮಾಸ್ತರು ತಲೆಯೆತ್ತದೆ, “ಗೋಡೆ ಅಳಿಸಿದ್ರೆ ಏನಂತೆ, ಫೈಲಲ್ಲಿ ಫೋಟೋ ಇದೆಯಲ್ಲ” ಎಂದರು. ಹದಿನೇಳು ಜನರೂ ಸಹಿ ಮಾಡಿ ‘ಹೊಣೆ ನಮ್ಮದಲ್ಲ’ ಎಂದು ಬರೆದುಕೊಟ್ಟೆವು. ಅದನ್ನು ಓದಿ, “ಒಮ್ಮೆ ಪ್ರತಿಜ್ಞೆ ಮಾಡಿ ಹಿಂದೆ ಸರಿಯೋದು ನಿಮ್ಮಂಥ ದೊಡ್ಡೋರಿಗೆ ಶೋಭೆಯಲ್ಲ” ಎಂದು ಬುದ್ಧಿ ಹೇಳಿ ಕಳಿಸಿದರು. ಕಡೆಗೆ ನನ್ನ ಕಾಟ ತಾಳಲಾರದೆ, ಬುಧವಾರ ಬೆಳಿಗ್ಗೆ ಹತ್ತಕ್ಕೆ ಆರೋಗ್ಯ ನಿರೀಕ್ಷಕರು ಬಂದು ಸ್ಥಳ ಪರಿಶೀಲನೆ ಮಾಡುತ್ತಾರೆ, ರಸ್ತೆಗೆ ಸಿಬ್ಬಂದಿ ಅಗತ್ಯವೆಂದು ಕಂಡರೆ ವರದಿ ಕೊಡುತ್ತಾರೆ ಎಂದರು.

ಈಗ ಹೇಳುವುದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆಕೆ ಹೋದ ಮೇಲೆ ನಮ್ಮ ಶ್ರಮದಾನದವರು ಮರ್ಯಾದೆಗೆ ಅಂಜಿ ದಿನಾ ಒಬ್ಬೊಬ್ಬರಂತೆ ರಸ್ತೆ ಗುಡಿಸುತ್ತಿದ್ದರು. ಹಾಗಾಗಿ ಬುಧವಾರಕ್ಕೆ ರಸ್ತೆ ಚೆನ್ನಾಗಿಯೇ ಇರುತ್ತಿತ್ತು. ಚೆನ್ನಾಗಿದ್ದರೆ ಆಕೆ ಬೇಡ, ಕೆಟ್ಟಿದ್ದರೆ ಬೇಕು. ಇದು ತಮ್ಮ ನ್ಯಾಯ. ಮಂಗಳವಾರ ಸಂಜೆ ನಾನೂ ನನ್ನ ಮನೆಯವಳೂ ಕೋಣೆಯಲ್ಲಿದ್ದ ಮೂಟೆಗಳ ಮುಂದೆ ಕೂತಿದ್ದೆವು. “ಇನ್ನೇನ್ ಮಾಡೋದು, ಸುರಿಯೋಣ” ಎಂದವಳು ಅವಳೇ. ಬೇರೆ ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಬುಧವಾರ ಬೆಳಿಗ್ಗೆ ಆರೂವರೆಗೆ, ಆ ದಿನದ ಸರದಿಯವರು ಗುಡಿಸಿ ಹೋದ ಮೇಲೆ, ಭಾನುವಾರ ನಾವೇ ಹೆಕ್ಕಿ ಕಟ್ಟಿಟ್ಟಿದ್ದ ಮೂಟೆಗಳಲ್ಲಿ ನಾಲ್ಕನ್ನು ಬಿಚ್ಚಿ, ರಸ್ತೆಯ ನಾಲ್ಕು ಕಡೆ ಸುರಿದೆವು. ಭಾನುವಾರ ಚರಂಡಿಗೆ ಕೈ ಹಾಕಿ ನಾನೇ ತೆಗೆದಿದ್ದ ನೀಲಿ ಚಪ್ಪಲಿ ನನ್ನ ಕೈಯಿಂದಲೇ ಮತ್ತೆ ಬಿತ್ತು. ನನ್ನ ಮನೆಯವಳು ಸುರಿಯುತ್ತ ಅಳುತ್ತಿದ್ದಳು. ಮನೆಗೆ ಬಂದು ಎಷ್ಟು ಸಲ ಕೈ ತೊಳೆದುಕೊಂಡರೂ ಸಮಾಧಾನವಾಗಲಿಲ್ಲ. ಒಳಗೇ ಕೂತೆವು, ಹೊರಗೆ ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ.

ಬುಧವಾರ ಘಟಕದವರಿಗೆ ವಾರದ ರಜೆ. ಇದು ನನಗೆ ಹೊಳೆಯಲೇ ಇಲ್ಲ. ಎಂಟು ಗಂಟೆಗೆ ಆರು ಗಂಟೆ ಅಕ್ಕ ಉಬ್ಬಸದ ಔಷಧಿಗೆಂದು ನಮ್ಮ ರಸ್ತೆಯ ಅಂಗಡಿಗೆ ಬಂದಿದ್ದಾಳೆ. ಏನೂ ತಿಳಿಯದ ಅಂಗಡಿಯವರು ಖುಷಿಯಿಂದ, “ಇವತ್ತು ಹತ್ತಕ್ಕೆ ಸಾಹೇಬ್ರು ಬರ್ತಾರಮ್ಮ, ನಿನ್ನ ವಿಷಯಕ್ಕೇನೇ” ಎಂದಿದ್ದಾರೆ. ಆಕೆ ರಸ್ತೆಯತ್ತ ತಿರುಗಿ ನೋಡಿದ್ದಾಳೆ. ಕಾಂಪೌಂಡಿನ ಹಿಂದೆ ಇನ್ನೂ ನಿಂತಿದ್ದ ತನ್ನ ಹಳೆಯ ಗಾಡಿಯನ್ನೂ ಪೊರಕೆಯನ್ನೂ ಎಳೆದು ತಂದಿದ್ದಾಳೆ. ಒಂಬತ್ತೂವರೆಗೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲು ತೆರೆದರೆ, ರಸ್ತೆ ಈ ತುದಿಯಿಂದ ಆ ತುದಿಯವರೆಗೆ ನೀರು ಚಿಮುಕಿಸಿಕೊಂಡು ಲಕಲಕ ಹೊಳೆಯುತ್ತಿತ್ತು. ಆಕೆ ನಮ್ಮ ಮೆಟ್ಟಿಲ ಮೇಲೆ ಕೂತು, ಎರಡೂ ಕೈ ಮೊಣಕಾಲಿಗೆ ಒತ್ತಿಕೊಂಡು ಉಸಿರು ಎಳೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕಟ್ಟಿಟ್ಟ ನಾಲ್ಕು ಮೂಟೆ.

“ಇದೇನು ಮಾಡಿದೆ ತಂಗೀ?” ಎಂದೆ.

“ಅಲ್ಲಾ ಬೋರ್ಡಣ್ಣಾ,” ಎಂದಳು ಆಕೆ, ಒಂದೊಂದೇ ಮಾತಿಗೆ ನಿಂತು, “ಸಾಹೇಬ್ರು ಬರೋದು ನನ್ನ ಕೆಲ್ಸದ ವಿಷ್ಯಕ್ಕಲ್ವಾ? ರಸ್ತೆ ಹಂಗ್ ಬಿದ್ದಿದ್ರೆ, ಇವ್ಳು ಹನ್ನೊಂದು ವರ್ಷ ಹಿಂಗೇ ಗುಡ್ಸಿರೋದು ಅಂದ್ಕೊಳಲ್ವಾ?”

ನನ್ನ ಮನೆಯವಳು ಒಳಗಿಂದ ನೀರು ತಂದು ಆಕೆಯ ಕೈಗೆ ಕೊಟ್ಟಳು. ಮೂಟೆ ಮತ್ತೆ ಬಿಚ್ಚಲು ಸಮಯವಿರಲಿಲ್ಲ. ಇದ್ದಿದ್ದರೂ ಆಕೆಯ ಕಣ್ಣೆದುರು ಬಿಚ್ಚಲು ನಮಗೆ ಕೈ ಬರುತ್ತಿರಲಿಲ್ಲ. ಅಷ್ಟರಲ್ಲಿ ನಿರೀಕ್ಷಕರ ಜೀಪು ಬಂತು. ಅವರು ಇಳಿದು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, “ಅಬ್ಬಾ, ಕನ್ನಡಿ ಇಟ್ಟ ಹಾಗಿದೆ ಸ್ವಾಮಿ!” ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಇದನ್ನು ಗುಡಿಸಿದವಳು ಇವಳು, ನಿಮ್ಮ ಹೆಚ್ಚುವರಿ ಸಿಬ್ಬಂದಿ ಇವಳೇ, ಇವಳಿಲ್ಲದಿದ್ದರೆ ಈ ರಸ್ತೆಯಿಲ್ಲ ಎಂದೆ. ಅವರು ಆಕೆಯನ್ನು ಮೆಚ್ಚುಗೆಯಿಂದ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು, ಅದೇ ನನ್ನ ಸಂಕಟ. “ರಜಾ ದಿನ ಬಂದು ಗುಡಿಸಿದ್ದು ಡ್ಯೂಟಿ ಆಗಲ್ಲಪ್ಪ, ಅದು ಸೇವೆ. ಇವ್ರನ್ನೂ ನಿಮ್ಮ ಸ್ವಯಂಸೇವಕರ ಪಟ್ಟಿಗೆ ಸೇರಿಸ್ಕೊಳ್ಳಿ” ಎಂದರು. ಬರೆದುಕೊಂಡರು, ಹೊರಟರು.

ವರದಿಯ ಪ್ರತಿ ನನ್ನ ಮುಂದಿದೆ. ‘ರಸ್ತೆಯು ಅತ್ಯುತ್ತಮ ಸ್ಥಿತಿಯಲ್ಲಿದೆ. ಸಿಬ್ಬಂದಿಯ ಅಗತ್ಯ ಕಂಡುಬಂದಿಲ್ಲ. ಸ್ವಯಂಸೇವಕರ ಸಂಖ್ಯೆ ಹದಿನೆಂಟಕ್ಕೆ ಏರಿದೆ.’ ಆ ಹದಿನೆಂಟನೆಯವಳು ಯಾರೆಂದು ತಮಗೆ ಈಗ ಗೊತ್ತಾಯಿತಲ್ಲ? ತನ್ನ ಕೆಲಸವನ್ನು ಉಳಿಸಿಕೊಳ್ಳಲು ಬಂದು, ಇರುವ ಉಸಿರನ್ನೆಲ್ಲ ಖರ್ಚು ಮಾಡಿ, ತನ್ನ ಕೆಲಸಕ್ಕೇ ತಾನು ಕಲ್ಲು ಹಾಕಿಕೊಂಡು ಹೋದವಳು. ಹೋಗುವಾಗ ನಗುತ್ತಾ ಹೋದಳು. ಸಾಹೇಬರು ಕನ್ನಡಿ ಇಟ್ಟ ಹಾಗಿದೆ ಎಂದರಲ್ಲ, ಇನ್ನು ತನ್ನನ್ನು ವಾಪಸ್ಸು ಹಾಕಿಯೇ ಹಾಕುತ್ತಾರೆ ಎಂದು ಆಕೆ ನಂಬಿದ್ದಾಳೆ. ಆ ನಂಬಿಕೆಯನ್ನು ನಾನು ಹೇಗೆ ಮುರಿಯಲಿ? ಸೋಮವಾರದಿಂದ ಆಕೆ ಘಟಕಕ್ಕೂ ಹೋಗಲಾಗದೆ ಮಲಗಿದ್ದಾಳೆ ಎಂದು ಮಗಳು ಬಂದು ಹೇಳಿದಳು. ಮೂವತ್ತಕ್ಕೆ ಇನ್ನು ಒಂಬತ್ತು ದಿನ.

ಆದ್ದರಿಂದ ಕೇಳುತ್ತೇನೆ, ಬೇಡುತ್ತೇನೆ, ಯಾವ ಪದ ಬಳಸಿದರೆ ಕಡತ ಮುಂದೆ ಹೋಗುತ್ತದೋ ಅದನ್ನೇ ಬಳಸಿದ್ದೇನೆಂದು ತಿಳಿಯಿರಿ. ಆಕೆಯನ್ನು ನಮ್ಮ ರಸ್ತೆಗೆ ಮರಳಿ ನೇಮಿಸಿ. ಫಲಕ ಬೇಡ, ಫೋಟೋ ಬೇಡ, ನಮ್ಮ ಶ್ರಮದಾನಕ್ಕೆ ತಾವು ಕೊಟ್ಟ ಟೋಪಿಗಳೂ ಬೇಡ. ಭಾನುವಾರದ ಕೆಲಸವನ್ನು ನಾವು ನಿಲ್ಲಿಸುವುದಿಲ್ಲ. ಕಸ ಹೆಕ್ಕುವುದು ಪಾಪವಲ್ಲ. ಆದರೆ ನಮ್ಮ ಎರಡು ಗಂಟೆಯನ್ನು ಎತ್ತಿಕೊಂಡು ಹೋಗಿ ಆಕೆಯ ಹನ್ನೊಂದು ವರ್ಷದ ಮೇಲೆ ಹೇರಬೇಡಿ. ಗೋಡೆಯ ಮೇಲಿನ ಮಾತಿಗೆ ಯಾರನ್ನಾದರೂ ಹೊಣೆ ಮಾಡಲೇಬೇಕೆಂದು ನಿಯಮವಿದ್ದರೆ, ನನ್ನನ್ನು ಮಾಡಿ. ಘಟಕಕ್ಕೆ ನಾಳೆ ಬೆಳಿಗ್ಗೆ ನಾನೇ ಹೋಗಿ ವಿಂಗಡಿಸಲು ಕೂರುತ್ತೇನೆ. ನನ್ನ ಶ್ವಾಸಕೋಶ ಚೆನ್ನಾಗಿದೆ.

ಈ ಪತ್ರವನ್ನು ಪತ್ರಿಕೆಗೆ ಕೊಟ್ಟದ್ದಕ್ಕೆ ಇನ್ನೊಂದು ಕಾರಣವಿದೆ, ಅದು ತಮಗೆ ಸಂಬಂಧಿಸಿದ್ದಲ್ಲ. ಆಕೆಗೆ ಓದಲು ಬಾರದು, ಆದರೆ ಮಗಳು ಓದಿ ಹೇಳುತ್ತಾಳೆ. ತನ್ನನ್ನು ಯಾಕೆ ತೆಗೆದರೆಂದು ಆಕೆಗೆ ಇವತ್ತಿಗೂ ಗೊತ್ತಿಲ್ಲ. “ನಾನೆಲ್ಲಿ ತಪ್ಪು ಮಾಡ್ದೆ ಬೋರ್ಡಣ್ಣಾ?” ಎಂದು ಮೂರು ಸಲ ನನ್ನನ್ನೇ ಕೇಳಿದ್ದಾಳೆ. ಮೂರು ಸಲವೂ ನಾನು, “ಆಫೀಸಿನವರ ವಿಷ್ಯ, ನಮಗೇನು ಗೊತ್ತಾಗುತ್ತೆ” ಎಂದು ಮುಖ ತಪ್ಪಿಸಿದ್ದೇನೆ. ಎದುರು ನಿಂತು ಹೇಳಲು ಬಾಯಿ ಬರಲಿಲ್ಲ. ನನಗೆ ಬರುವುದು ಬರೆಯುವುದೊಂದೇ.

ತಂಗೀ, ನಿನ್ನ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ. ಗೋಡೆಯಲ್ಲಿ ಎಂಟಡಿ ಜಾಗ ಉಳಿದಿತ್ತು. ತುಂಬಿಸಿದವನು ನಾನು.

ಇಂತಿ,
ಖಾಲಿ ಜಾಗ ಕಂಡರೆ ಸುಮ್ಮನಿರಲಾರದ,
ತಮ್ಮ ಬಾಗಿಲಿನ ಮೇಲಿನ ಅಕ್ಷರಗಳನ್ನು ಬರೆದವನು